ವೈರ್‌ಲೆಸ್ಸಿನಲ್ಲಿ ಯಾರೂ ನಿಜ ಹೇಳುವುದಿಲ್ಲ

ನನ್ನ ಸಂಶೋಧನೆ ಯಾವುದರ ಮೇಲೆ ಎಂದು ಯಾರಾದರೂ ಕೇಳಿದರೆ ನನಗೆ ಮೊದಲು ಬರುವುದು ಸಿಟ್ಟು. ಮದುವೆ ಮನೆಯ ಪಂಕ್ತಿಯಲ್ಲಿ ಸಾರು ಬಡಿಸುವ ಹೊತ್ತಿಗೇ ಕೇಳುತ್ತಾರೆ. ಹೆಮ್ಮಾಡಿಯಲ್ಲಿ ಬಸ್ಸಿಗೆ ಕಾಯುತ್ತಿದ್ದರೆ ಅಲ್ಲೂ ಕೇಳುತ್ತಾರೆ. ಕಂಪ್ಯೂಟರಿಗೆ ನಮ್ಮ ಕುಂದಾಪ್ರ ಕನ್ನಡ ಅರ್ಥವಾಗುವ ಹಾಗೆ ಮಾಡುತ್ತಿದ್ದೇನೆ ಎಂದರೆ, "ಅದ್ಕೆಂತಕೆ ಮಾರಾಯ್ತಿ, ಅದೆಂತ ಮೀನ್ ಮಾರುಕೆ ಹೋತ್ತಾ?" ಎಂದು ನಗುತ್ತಾರೆ. ನಾನೂ ನಕ್ಕ ಹಾಗೆ ಮಾಡಿ, ಬಸ್ ಬಂದರೆ ಸಾಕಪ್ಪಾ ಎಂದು ರಸ್ತೆ ನೋಡುತ್ತೇನೆ. ಕೂತಲ್ಲಿ ಕೂರುವ ಸ್ವಭಾವ ನನ್ನದಲ್ಲ. ಮೋಕ್ಷಿತಾಳ ಕಾಲಡಿ ಯಾವಾಗಲೂ ಕೆಂಡ ಎಂದು ಅಮ್ಮ ಹೇಳುವುದುಂಟು.

ಆ ಮಂಗಳವಾರ ಬೆಳಿಗ್ಗೆ ಮಾತ್ರ ಕೆಂಡ ಹೊಟ್ಟೆಗೇ ಏರಿತ್ತು. ಹನ್ನೊಂದಕ್ಕೆ ಕಂಪನಿಯವರು ಕಾಲೇಜಿಗೆ ಬರುವವರಿದ್ದರು. ಅಪ್ಪ ಕಡಲಿನಲ್ಲಿದ್ದ. ನಾನು ಲ್ಯಾಬಿನ ಈ ಗೋಡೆಯಿಂದ ಆ ಗೋಡೆಗೆ ತಿರುಗುತ್ತಿದ್ದೆ. ಕುರ್ಚಿ ಸರಿ ಮಾಡಿದೆ, ಮತ್ತೆ ಮೊದಲಿನ ಹಾಗೇ ಇಟ್ಟೆ. ಕುಡಿಯಲೆಂದು ತಂದ ಚಹಾ ಕಿಟಕಿಯ ಮೇಲೆ ಆರಿ ಕೆನೆ ಕಟ್ಟಿತ್ತು.

ಮೊದಲಿನಿಂದಲೇ ಹೇಳುತ್ತೇನೆ, ಇಲ್ಲದಿದ್ದರೆ ತಲೆಬುಡ ಗೊತ್ತಾಗುವುದಿಲ್ಲ.

ನಾವು ಗಂಗೊಳ್ಳಿಯವರು. ಅಪ್ಪ ಲೀಲಾಧರ ಮೀನುಗಾರಿಕೆ ಬೋಟಿನ ತಂಡೇಲ. ಬೋಟು ಎಲ್ಲಿಗೆ ಹೋಗಬೇಕು, ಬಲೆ ಎಲ್ಲಿ ಬಿಡಬೇಕು ಎಂದು ತೀರ್ಮಾನಿಸುವವನು ತಂಡೇಲ. ಅಮ್ಮ ಜಲಜ, ಬೋಟುಗಳು ಬಂದು ನಿಲ್ಲುವ ದಕ್ಕೆಯಲ್ಲಿ ಇಳಿದ ಮೀನಿಗೆ ಐಸ್ ಹೊಂದಿಸಿ ಕುಂದಾಪುರದ ಪೇಟೆಗೆ ಕಳಿಸುವವಳು. ನಾನು ಹೆದ್ದಾರಿ ಬದಿಯ ಒಂದು ಎಂಜಿನಿಯರಿಂಗ್ ಕಾಲೇಜಿನಲ್ಲಿ ಪಿಎಚ್‌ಡಿ ಮಾಡುತ್ತಿದ್ದೇನೆ. ನನ್ನ ಗೈಡ್ ಬ್ರಹ್ಮಾವರದ ಪ್ರೇಮಾನಂದ ಸರ್. ಸರ್ ಪ್ರೋಗ್ರಾಮಿಂಗ್ ಭಾಷೆಗಳ ಮನುಷ್ಯ. ಅವರ ಲೋಕದಲ್ಲಿ ಬರೆದದ್ದೇ ಅರ್ಥ. ಒಂದು ಚುಕ್ಕಿ ತಪ್ಪಿದರೂ ಯಂತ್ರ ಮುಖಕ್ಕೇ ಹೇಳುತ್ತದೆ, ತಿದ್ದಿದರೆ ಮುಗಿಯಿತು. "ಮನುಷ್ಯರ್ ಭಾಷಿಗೆ ಕೈ ಹಾಕ್ಬೇಡ ಮಾರಾಯ್ತಿ, ಅದ್ಕೆ ತಳ ಇಲ್ಲೆ" ಎಂದು ಅವರು ಮೊದಲ ದಿನವೇ ಹೇಳಿದ್ದರು. ನಾನು ಕೇಳಿದೆನಾ? ಇಲ್ಲ.

ನಮ್ಮ ಬಂದರಿನ ಪ್ರತಿ ಬೋಟಿನಲ್ಲೂ ವೈರ್‌ಲೆಸ್ ಸೆಟ್ ಇದೆ. ತಂಡೇಲರೆಲ್ಲ ಒಂದೇ ಚಾನೆಲ್ಲಿನಲ್ಲಿ ಇಡೀ ದಿನ ಮಾತಾಡುತ್ತಿರುತ್ತಾರೆ. ಯಾವುದಾದರೂ ಬೋಟಿಗೆ ನೀರು ನುಗ್ಗಿದರೆ, ಎಂಜಿನ್ ಕೆಟ್ಟರೆ, ಆ ಕೂಗು ಗಲಾಟೆಯಲ್ಲಿ ಯಾರ ಕಿವಿಗೂ ಬೀಳದೇ ಹೋಗುವುದುಂಟು. ಯಂತ್ರ ಆ ಮಾತನ್ನು ಎಡೆಬಿಡದೆ ಕೇಳುತ್ತಿದ್ದು, ಅಪಾಯ ಎಂದು ಗೊತ್ತಾದ ಕೂಡಲೇ ದಡಕ್ಕೆ ತಿಳಿಸಬೇಕು. ಇಷ್ಟೇ ನನ್ನ ಆಸೆ. ಅದಕ್ಕೆ ಯಂತ್ರ ಮೊದಲು ದನಿಯನ್ನು ಅಕ್ಷರ ಮಾಡಬೇಕು, ಆಮೇಲೆ ಅಕ್ಷರದ ಅರ್ಥ ಹಿಡಿಯಬೇಕು.

ಅರ್ಥ ಹಿಡಿಯುತ್ತಿದೆಯೋ ಇಲ್ಲವೋ ಪರೀಕ್ಷಿಸುವುದು ಹೇಗೆ? ಅಪಾಯ ದಿನಾ ಬರುವುದಿಲ್ಲ, ಬರಲೂ ಬಾರದು. ಹಾಗಾಗಿ ಒಂದು ಉಪಾಯ ಮಾಡಿದೆ. ಯಾವ ಬೋಟಿಗೆ ಮೀನು ಸಿಕ್ಕಿದೆ ಎಂದು ಮಾತು ಕೇಳಿ ಯಂತ್ರ ಹೇಳಲಿ, ಸಂಜೆ ದಕ್ಕೆಗೆ ಹೋಗಿ ನೋಡಿದರೆ ಸರಿಯೋ ತಪ್ಪೋ ಗೊತ್ತಾಗುತ್ತದೆ.

ತಂಡೇಲರ ಮಾತು ರೆಕಾರ್ಡ್ ಮಾಡಲು ಅವರ ಒಪ್ಪಿಗೆ ಬೇಕಲ್ಲ. ನಾನು ಕೇಳಿದ್ದರೆ ಅಟ್ಟುತ್ತಿದ್ದರು. ಅಪ್ಪ ದಕ್ಕೆಯಲ್ಲಿ ಬೋಟಿನಿಂದ ಬೋಟಿಗೆ ಹತ್ತಿ ಇಳಿದು ಕೇಳಿದ. "ನಮ್ ಹೆಣ್ಣ್ ಮಾಡುದ್ ಜೀವ ಉಳ್ಸುಕೆ. ನಿಮ್ ಮಾತ್ ಬೇರೆ ಯಾರ್ ಕೈಗೂ ಹೋತಿಲ್ಲೆ. ಅದ್ಕೆ ನಾನ್ ಇದ್ದೆ." ಪಕ್ಕದ ಬೋಟಿನ ತಂಡೇಲ ಕಿಟ್ಟಣ್ಣ ಮಹಾ ಅನುಮಾನದ ಮನುಷ್ಯ. "ನಿನ್ ಮಾತಾ?" ಎಂದು ಕೇಳಿದ. "ನನ್ ಮಾತ್" ಎಂದ ಅಪ್ಪ. ಅಷ್ಟಕ್ಕೇ ಎಲ್ಲರೂ ಒಪ್ಪಿದರು. ಸಹಿ ಇಲ್ಲ, ಕಾಗದ ಇಲ್ಲ, ಅಪ್ಪನ ಬಾಯಿಮಾತು ಒಂದೇ.

ಕಾಲೇಜಿನ ಟೆರೇಸಿನಲ್ಲಿ ಆಂಟೆನಾ ನಿಲ್ಲಿಸಿದೆ. ಎಂಜಿನ್ನಿನ ಗುರುಗುಟ್ಟುವಿಕೆ, ಗಾಳಿ, ಎಲೆಯಡಿಕೆ ತುಂಬಿದ ಬಾಯಿ, ಇವೆಲ್ಲದರ ನಡುವಿನಿಂದ ಯಂತ್ರ ಅಕ್ಷರ ಹೆಕ್ಕುವುದನ್ನು ಕಲಿಯಿತು. ಆದರೆ ಅರ್ಥದ ಕಡೆ ಹೋದರೆ ನನ್ನ ಮಾನ ಹರಾಜು. ಯಂತ್ರ ಮೀನಿದೆ ಎಂದ ಬೋಟು ಖಾಲಿ ಬರುತ್ತಿತ್ತು. ಇಲ್ಲ ಎಂದ ಬೋಟು ತುಂಬಿ ಬರುತ್ತಿತ್ತು. ನಾಣ್ಯ ಚಿಮ್ಮಿ ಹೇಳಿದ್ದರೂ ಅದಕ್ಕಿಂತ ವಾಸಿ. ನನಗೆ ತಲೆ ಚಿಟ್ಟು ಹಿಡಿದುಹೋಯಿತು. ಪ್ರೋಗ್ರಾಮನ್ನು ಬುಡದಿಂದ ತುದಿಯವರೆಗೆ ಜಾಲಾಡಿದೆ. ತಪ್ಪು ಸಿಗಲಿಲ್ಲ. ಪ್ರೇಮಾನಂದ ಸರ್ ಮಾತ್ರ ಪರದೆಯನ್ನೇ ನೋಡುತ್ತ, "ಬರೀ ತಪ್ಪಾರೆ ಅರ್ಧಂಬರ್ಧ ಇರ್ಕಿತ್ತ್. ಇದ್ ಪೂರಾ ಉಲ್ಟಾ ಬತ್ತಾ ಇತ್ತಲೆ, ಕಾಣ್" ಎಂದರು.

ಒಂದು ಭಾನುವಾರ ಮನೆಯ ಜಗಲಿಯಲ್ಲಿ ಕೂತು, ಅಮ್ಮ ಕೇಳಲೆಂದು ಇಟ್ಟುಕೊಂಡ ವೈರ್‌ಲೆಸ್ ಸೆಟ್ ಹಾಕಿಕೊಂಡು ಕೇಳುತ್ತಿದ್ದೆ. ಅಪ್ಪನ ದನಿ ಬಂತು. "ಎಂತದೂ ಇಲ್ಲೆ ಮಾರಾಯಾ. ಡೀಸೆಲ್ ದಂಡ. ಮನೆಗ್ ಬಪ್ಪುದೇ ಲಾಯ್ಕ್." ಒಳಗಿದ್ದ ಅಮ್ಮ ಕೈ ಒರೆಸಿಕೊಂಡು ಐಸ್ ಪ್ಲಾಂಟಿಗೆ ಫೋನ್ ಮಾಡಿದಳು. "ನಮ್ ಬೋಟಿಗೆ ಐಸ್ ಜಾಸ್ತಿ ತೆಗ್ದಿಡಿ."

ನಾನು ಹಾಗೇ ಕೂತುಬಿಟ್ಟೆ. ಅಯ್ಯೋ ದೇವರೇ! ನನಗೆ ಗೊತ್ತಿಲ್ಲದ ಸಂಗತಿಯಾ ಇದು? ತೊಟ್ಟಿಲಲ್ಲಿದ್ದಾಗಿನಿಂದ ಕೇಳಿದ್ದೇನೆ. ಮೀನು ಸಿಕ್ಕಿತು ಎಂದು ಯಾವ ತಂಡೇಲನಾದರೂ ವೈರ್‌ಲೆಸ್ಸಿನಲ್ಲಿ ಹೇಳುತ್ತಾನಾ? ಹೇಳಿದರೆ ಊರಿನ ಬೋಟೆಲ್ಲ ಅವನ ಜಾಗಕ್ಕೆ ನುಗ್ಗುವುದಿಲ್ಲವಾ? ಬಲೆ ತುಂಬಿದವನು ಅಳುತ್ತಾನೆ, ಖಾಲಿ ಇದ್ದವನು ಒಂದಿಷ್ಟು ಕೊಚ್ಚಿಕೊಳ್ಳುತ್ತಾನೆ. ಅಪಾಯದಲ್ಲಿ ಮಾತ್ರ ಯಾರೂ ಹೀಗೆ ಮಾಡುವುದಿಲ್ಲ, ಅದು ಬೇರೆ ಮಾತು. ನಮ್ಮಲ್ಲಿ ಇದನ್ನು ಸುಳ್ಳು ಎಂದು ಯಾರೂ ಕರೆಯುವುದೇ ಇಲ್ಲ, ವೈರ್‌ಲೆಸ್ಸಿನಲ್ಲಿ ಮಾತಾಡುವ ಕ್ರಮವೇ ಅದು. ಅದು ನನ್ನ ಮೈಯಲ್ಲಿ ಎಷ್ಟು ಸೇರಿಹೋಗಿತ್ತೆಂದರೆ, ಯಂತ್ರಕ್ಕೆ ಹೇಳಬೇಕು ಎನ್ನುವುದೇ ಹೊಳೆದಿರಲಿಲ್ಲ. ಬೇರೆ ಊರಿನಿಂದ ಬಂದವರಾದರೆ ಮೊದಲ ವಾರವೇ ಯಾರನ್ನಾದರೂ ಕೇಳಿ ತಿಳಿದುಕೊಳ್ಳುತ್ತಿದ್ದರು.

ಮಾರನೆಯ ದಿನವೇ ಕೆಲಸ ತಿರುಗಿಸಿದೆ. ತಂಡೇಲ ಏನು ಹೇಳಿದ ಎನ್ನುವುದನ್ನು ಬಿಟ್ಟು, ಸಂಜೆ ದಕ್ಕೆಯಲ್ಲಿ ಎಷ್ಟು ಮೀನು ಇಳಿಯಿತು ಎನ್ನುವುದನ್ನೇ ಸರಿ ಉತ್ತರ ಎಂದು ಯಂತ್ರಕ್ಕೆ ಕೊಟ್ಟು ಕಲಿಸಿದೆ. ಎರಡು ತಿಂಗಳಲ್ಲಿ ಕಲಿಯಿತು ನೋಡಿ! ಅಪ್ಪನ ಬಲೆ ತುಂಬಿದ್ದರೆ ಗೋಳು ಉದ್ದವಾಗುತ್ತದೆ. ಕಿಟ್ಟಣ್ಣನಿಗೆ ಮೀನು ಸಿಕ್ಕಿದರೆ ತನ್ನ ಬೋಟಿನ ಹುಡುಗರಿಗೆ ಬೈಗುಳ ಶುರು. ಒಬ್ಬೊಬ್ಬರ ಸುಳ್ಳಿನ ವರಸೆಯನ್ನೂ ಯಂತ್ರ ಹಿಡಿದುಬಿಟ್ಟಿತು. ನಾನು ಕುಣಿದಾಡಿದೆ. ಕ್ಯಾಂಟೀನಿನಲ್ಲಿ ಸಿಕ್ಕವರಿಗೆಲ್ಲ ಗೋಳಿಬಜೆ ಕೊಡಿಸಿದೆ. ಸರ್ ಕೂಡ ಎರಡು ತಟ್ಟೆ ತಿಂದು, "ತಳ ಮುಟ್ಟಿದೆ ಅಂದೇಳಿ ಕಾಣ್ತ್" ಎಂದರು.

ನನಗೆ ಫೆಲೋಶಿಪ್ ಕೊಡುತ್ತಿದ್ದದ್ದು ದೊಡ್ಡ ದೊಡ್ಡ ಬೋಟುಗಳಿರುವ ಒಂದು ಕಂಪನಿ. ಅಪಾಯ ತಿಳಿಸುವ ಯಂತ್ರಕ್ಕೆಂದೇ ಕೊಟ್ಟದ್ದು. ಆಗಾಗ ಅವರಿಗೆ ವರದಿ ಕಳಿಸಬೇಕಿತ್ತು. ಈ ಸಲದ ವರದಿ ಓದಿದ್ದೇ ತಡ, ಅವರ ಮ್ಯಾನೇಜರ್ ರವಿರಾಜ್ ಕಾರು ಹತ್ತಿ ಬಂದೇಬಿಟ್ಟರು. "ಅಪಾಯದ್ದು ಹಾಗಿರಲಿ ಮೇಡಂ, ಇದು ಚಿನ್ನ ಅಲ್ವಾ?" ಎಂದರು. ಯಾವ ಬೋಟಿಗೆ ಎಲ್ಲಿ ಮೀನು ಬಿತ್ತು ಎಂದು ಆಗಿಂದಾಗಲೇ ಅವರ ದೊಡ್ಡ ಬೋಟುಗಳಿಗೆ ತಿಳಿಯಬೇಕಂತೆ. ಮಂಗಳವಾರ ಒಂದು ಸಲ ಕಣ್ಣಾರೆ ತೋರಿಸಿದರೆ ಸಾಕು, ಯಂತ್ರವನ್ನೂ ದನಿಗಳನ್ನೂ ಅವರೇ ತೆಗೆದುಕೊಳ್ಳುತ್ತಾರಂತೆ. ನನ್ನ ಪಿಎಚ್‌ಡಿ ಮುಗಿಯುವವರೆಗೆ ಫೆಲೋಶಿಪ್, ಆಮೇಲೆ ಕೆಲಸ.

ಸಣ್ಣ ಬೋಟಿನವರು ಜೀವಮಾನ ಅಲೆದು ಹುಡುಕಿಕೊಂಡ ಜಾಗಕ್ಕೆ ಆ ದೊಡ್ಡ ಬೋಟುಗಳು ಬಂದರೆ ಮರಿಯನ್ನೂ ಬಿಡದೆ ಬಳಿದುಕೊಂಡು ಹೋಗುತ್ತವೆ. ಅದು ನನಗೆ ಗೊತ್ತಿಲ್ಲವಾ? ಗೊತ್ತಿತ್ತು. ಆದರೂ ನನ್ನ ಬಾಯಿಂದ ಬಂದದ್ದು "ಆಯ್ತು ಸರ್" ಎಂದೇ. ಆಮೇಲೆ ಊಟ ಸೇರಲಿಲ್ಲ. ಬಸ್ಸಿನಲ್ಲಿ ಸೀಟು ಸಿಕ್ಕಿದರೂ ನಿಂತೇ ಬಂದೆ.

ಸೋಮವಾರ ಸಂಜೆ ಅಪ್ಪ ದಕ್ಕೆಯಲ್ಲಿ ಕೂತು ಹರಿದ ಬಲೆ ಹೆಣೆಯುತ್ತಿದ್ದ. ಎದುರು ನಿಂತು ಎಲ್ಲ ಹೇಳಿಬಿಟ್ಟೆ.

"ಅಂದ್ರೆ ನಾನ್ ಸುಳ್ಳ್ ಹೇಳ್ರೆ ಅದ್ಕೆ ಗೊತ್ತಾತ್ತಾ?" ಅಪ್ಪ ಕೇಳಿದ.

"ಗೊತ್ತಾತ್ತ್."

"ಕಿಟ್ಟಂದ್?"

"ಅವ್ರದ್ದೂ. ಎಲ್ಲರದ್ದೂ."

ಅಪ್ಪ ನೂಲನ್ನು ಹಲ್ಲಿನಿಂದ ಕಡಿದ. ಒಂದು ಗಂಟು ಹಾಕಿದ, ಇನ್ನೊಂದು ಹಾಕಿದ. "ನಾನ್ ಮಾತ್ ಕೊಟ್ಟಿದ್ದೆ ಅಲ್ದಾ ಮಗಾ?"

ಕೂಗಾಡಿದ್ದರೆ ನಾನೂ ಕೂಗಾಡಬಹುದಿತ್ತು. ಅಪ್ಪ ಕೂಗಲಿಲ್ಲ, ಅದಕ್ಕೇ ನನಗೆ ರೇಗಿಹೋಯಿತು. "ಹಾಂಗಾರೆ ನಾನ್ ಎಂತ ಮಾಡ್ಕ್? ಓದಿದ್ದೆಲ್ಲ ಹೊಳಿಗೆ ಹಾಕ್ಕಾ?"

"ಹಾಕ್ ಅಂದ್ ನಾನ್ ಹೇಳ್ಲಿಲ್ಲೆ" ಎಂದ ಅಪ್ಪ. ಬಲೆಯ ಇನ್ನೊಂದು ತೂತಿಗೆ ಬೆರಳು ಹಾಕಿ ಅಗಲ ನೋಡಿದ. "ನಾಳೆ ಎಷ್ಟೊತ್ತಿಗೆ ತೋರ್ಸುದ್?"

"ಹನ್ನೊಂದಕ್ಕೆ."

"ಆಯ್ತ್" ಎಂದ. ನಾನು ಕಾಲು ಅಪ್ಪಳಿಸುತ್ತ ಮನೆಗೆ ಹೋದೆ.

ಮಂಗಳವಾರ ಹನ್ನೊಂದಕ್ಕೆ ಸರಿಯಾಗಿ ರವಿರಾಜ್ ಬಂದರು. ಪ್ರೇಮಾನಂದ ಸರ್ ಮೂಲೆಯ ಕುರ್ಚಿಯಲ್ಲಿ ಕೂತಿದ್ದರು. ಪರದೆಯ ಮೇಲೆ ಕುಂದಾಪುರದಿಂದ ಬೈಂದೂರಿನವರೆಗಿನ ಕಡಲು, ಅದರ ಮೇಲೆ, ಬೋಟಿನ ಜಿಪಿಎಸ್ ತಿಳಿಸುವ ಜಾಗದಲ್ಲಿ, ಬೋಟಿಗೊಂದು ಚುಕ್ಕಿ. ಮೀನಿದೆ ಎಂದು ಯಂತ್ರಕ್ಕೆ ಅನಿಸಿದರೆ ಚುಕ್ಕಿ ಹಸಿರು, ಇಲ್ಲ ಎಂದಾದರೆ ಬೂದು. ಪಕ್ಕದಲ್ಲಿ, ಯಂತ್ರಕ್ಕೆ ಎಷ್ಟು ಖಾತ್ರಿ ಎಂದು ತೋರಿಸುವ ಗೆರೆ.

ಸ್ಪೀಕರಿನಲ್ಲಿ ಕಿಟ್ಟಣ್ಣ ಬೋಟಿನ ಹುಡುಗರಿಗೆ ಬೈಯತೊಡಗಿದ. ಅವನ ಚುಕ್ಕಿ ಹಸಿರಾಯಿತು. "ಇವನಿಗೆ ಮೀನು ಸಿಕ್ಕಿದೆಯಾ? ಬೈತಾ ಇದ್ದಾನಲ್ಲ!" ಎಂದು ರವಿರಾಜ್ ಕುರ್ಚಿಯ ತುದಿಗೆ ಬಂದು ಕೂತರು. ವಿವರಿಸಿದೆ. ಅವರು ತೊಡೆ ತಟ್ಟಿಕೊಂಡು ನಕ್ಕರು. ನನಗೂ ನಗು ಬಂತು, ಆ ನಗುವಿಗೆ ನನ್ನ ಮೇಲೆ ನನಗೇ ಅಸಹ್ಯವಾಯಿತು.

ಆಗ ಅಪ್ಪನ ದನಿ ಬಂತು.

"ಹ್ವಾಯ್, ಎಲ್ಲರೂ ಕೇಣಿ. ಲೀಲಾಧರ ಮಾತಾಡುದ್. ಮರವಂತೆ ಪಡುಬದಿ, ಇಪ್ಪತ್ತ್ ಮಾರ್ ನೀರ್. ಕಲ್ಲಿನ ತೆಂಕ್ ಬದಿ. ಬಂಗುಡೆ ರಾಶಿ ಇತ್ತ್. ನನ್ ಬಲಿಗೆ ಹಿಡುದಿಲ್ಲೆ. ಬಪ್ಪರ್ ಬನ್ನಿ."

ನೀರಿನಡಿಯ ಆ ಕಲ್ಲಿನ ಸುದ್ದಿಯನ್ನು ಅಪ್ಪ ನನ್ನೆದುರೂ ಎತ್ತಿದವನಲ್ಲ. ಪರದೆ ನೋಡಿದೆ. ಅಪ್ಪನ ಚುಕ್ಕಿ ಬೂದು. ಪಕ್ಕದ ಗೆರೆ ತುದಿ ಮುಟ್ಟಿತ್ತು. ಯಂತ್ರ ಅಷ್ಟು ಖಾತ್ರಿಯಿಂದ ಯಾವತ್ತೂ ಉತ್ತರ ಕೊಟ್ಟದ್ದಿಲ್ಲ. ನನಗೂ ಅದೇ ಅನಿಸಿತು. ಅಪ್ಪ ಬೇಕೆಂದೇ ನಾಟಕ ಮಾಡುತ್ತಿದ್ದಾನೆ, ನನ್ನ ಮರ್ಯಾದೆ ತೆಗೆಯುತ್ತಾನೆ ಎಂದು ಕುದಿದೆ.

"ಆಯ್ತ್ ಲೀಲಾಧರಣ್ಣಾ, ಪೂರಾ ನೀನೇ ತಿನ್ನ್!" ಎಂದು ಕಿಟ್ಟಣ್ಣ ನಕ್ಕ. ಚಾನೆಲ್ಲಿನ ತುಂಬ ನಗು.

"ನಿಜ ಹೇಳುದ್ ಮಾರಾಯ್ರೆ. ಬನ್ನಿ" ಎಂದ ಅಪ್ಪ. ಮತ್ತೆ ಅದೇ ಜಾಗ, ಅದೇ ಆಳ, ಮೊದಲಿನಿಂದ ಹೇಳಿದ. ನಗು ಇನ್ನೂ ಜೋರಾಯಿತು. ಪರದೆಯ ಮೇಲೆ ಒಂದೇ ಒಂದು ಚುಕ್ಕಿಯೂ ಮರವಂತೆಯ ಕಡೆ ತಿರುಗಲಿಲ್ಲ.

"ನಿಮ್ಮ ಯಂತ್ರ ಭಾರೀ ಚುರುಕುಂಟು ಮೇಡಂ" ಎಂದರು ರವಿರಾಜ್. "ಆ ಮುದುಕ ಎಲ್ಲರನ್ನೂ ಮಂಗ ಮಾಡ್ಲಿಕ್ಕೆ ನೋಡಿದ, ಯಂತ್ರ ಹಿಡಿದೇಬಿಟ್ಟಿತು."

"ಅದು ನಮ್ಮಪ್ಪ" ಎಂದೆ.

ರವಿರಾಜ್ ಕೆಮ್ಮಿದರು. ನಾಳೆಯೇ ಎಲ್ಲ ಕಳಿಸಿಕೊಡಿ ಎಂದು ಕೈ ಕುಲುಕಿ ಹೊರಟುಹೋದರು. ನಾನು ಗೆದ್ದಿದ್ದೆ. ಚೀಲ ಹೆಗಲಿಗೆ ಹಾಕಿ ಸಿಕ್ಕಿದ ಬಸ್ ಹತ್ತಿದೆ.

ದಕ್ಕೆ ತಲುಪುವಾಗ ಅಪ್ಪನ ಬೋಟು ಆಗಷ್ಟೇ ಬಂದು ನಿಂತಿತ್ತು. ನೀರಿನಲ್ಲಿ ಎಷ್ಟು ತಗ್ಗಿ ನಿಂತಿತ್ತೆಂದರೆ ನಾನು ಓಡಿದೆ. ಬಂಗುಡೆ. ಅಡಿಯ ಸ್ಟೋರ್ ತುಂಬಿ, ಮೇಲಿನ ಹಲಗೆ ತುಂಬಿ, ಕಾಲಿಡಲು ಜಾಗ ಇಲ್ಲದಷ್ಟು ಬಂಗುಡೆ. ಮೇಲೆ ಬಿಸಿಲು ಚುರುಚುರು ಸುಡುತ್ತಿತ್ತು. ಐಸ್ ಎಲ್ಲೂ ಕಾಣಲಿಲ್ಲ.

ಅಮ್ಮ ತಲೆಯ ಮೇಲೆ ಕೈ ಹೊತ್ತು ಅಪ್ಪನಿಗೆ ಬಾಯಿಗೆ ಬಂದಂತೆ ಬೈಯುತ್ತಿದ್ದಳು. "ಮೀನ್ ರಾಶಿ ಇತ್ತ್ ಅಂದ್ರೆ ಎಂತದೂ ಇಲ್ಲೆ ಅಂದೇಳಿ ಅಲ್ದಾ? ಇಷ್ಟ್ ವರ್ಷ ಹಾಂಗೇ ಅಲ್ದಾ ಇದ್ದದ್? ನಿಮ್ ಮಾತ್ ಕೇಂಡ್ ನಾನ್ ಐಸೇ ಬ್ಯಾಡ ಅಂದೆ! ಈಗ ಆ ಪ್ಲಾಂಟಗೆ ಒಂದ್ ಚೂರ್ ಇಲ್ಲೆ!"

ಅಪ್ಪ ಬುಟ್ಟಿಗೆ ಮೀನು ಬಗೆಯುತ್ತಿದ್ದ. ಅಷ್ಟರಲ್ಲಿ ಕಿಟ್ಟಣ್ಣ ತನ್ನ ಬೋಟಿನಿಂದ ಇಳಿದು ಬಂದ. ಮೀನಿನ ರಾಶಿ ನೋಡಿದ, ಅಪ್ಪನ ಮುಖ ನೋಡಿದ.

"ನೀನ್ ನಿಜ ಹೇಳ್ದ್ಯಾ?"

"ಹೇಳ್ದೆ."

"ವೈರ್‌ಲೆಸ್ಸಗೆ?"

"ಹ್ಞೂಂ. ಎರಡ್ ಸಲ ಹೇಳ್ದೆ."

"ತಲೆ ಸಮ ಇತ್ತಾ ನಿಂಗೆ?" ಎಂದು ಕಿಟ್ಟಣ್ಣ ಅಲ್ಲೇ ನಿಂತ. ಸುತ್ತ ಒಬ್ಬೊಬ್ಬರೇ ತಂಡೇಲರು ಸೇರಿದರು. ಯಾರೂ ನಗಲಿಲ್ಲ. ನಾಳೆ ಬೆಳಿಗ್ಗೆ ಎಲ್ಲ ಬೋಟೂ ಆ ಕಲ್ಲಿನ ಹತ್ತಿರವೇ ಇರುತ್ತವೆ ಎಂದು ಅವರ ಮುಖ ನೋಡಿದರೇ ಗೊತ್ತಾಗುತ್ತಿತ್ತು.

ಅವರೆಲ್ಲ ಅತ್ತ ಹೋದ ಮೇಲೆ ಅಪ್ಪ ನನ್ನನ್ನು ಕಂಡ. "ನಿನ್ ಮಿಷನ್ ಎಂತ ಹೇಳ್ತ್?"

"ಮೀನಿಲ್ಲೆ ಅಂತ್."

ಅಪ್ಪ ನಕ್ಕ. "ನೀನ್?"

ನಾನು ಬಗ್ಗಿ ಕಾಲಡಿಗೆ ಬಿದ್ದಿದ್ದ ಒಂದು ಬಂಗುಡೆ ಎತ್ತಿ ಬುಟ್ಟಿಗೆ ಹಾಕಿದೆ.

"ನೀನೂ ನಂಬ್ಲಿಲ್ಯಾ?" ಎಂದ. ನಗು ಇನ್ನೂ ಮುಖದ ಮೇಲೇ ಇತ್ತು, ಆದರೆ ಅದನ್ನು ಎಲ್ಲಿ ಇಡುವುದೆಂದು ಗೊತ್ತಿಲ್ಲದವನ ಹಾಗಿದ್ದ. ಆ ಮುಖವನ್ನು ನನಗೆ ನೋಡಲಾಗಲಿಲ್ಲ.

"ಎಂತಕೆ ಹೇಳ್ದೆ ಅಪ್ಪಯ್ಯಾ? ಆ ಜಾಗ ಹೋಯ್ತಲೆ!"

"ಹೋಪುದೇ ಅಲ್ದಾ ಇನ್ನ್? ನಾಳೆಯಿಂದ ಎಲ್ಲರ್ ಜಾಗವೂ ಹೋತ್ತ್ ಅಂದ್ಯಲೆ ನೀನ್." ಅಪ್ಪ ಬುಟ್ಟಿ ಎತ್ತಿ ಅಂಚಿಗೆ ಇಟ್ಟ. "ಮಾತ್ ಕೊಟ್ಟದ್ದ್ ನಾನ್. ಕಿಟ್ಟಂದ್ ಹೋಪುಕ್ ಮುಂಚೆ ನನ್ದ್ ಹೋಯ್ಲಿ ಅಂದೇಳಿ. ಕದ್ದಲ್ಲ, ಎಲ್ಲರ್ ಎದ್ರ್ ನನ್ ಬಾಯಗೇ ಕೊಟ್ಟೆ ಅಂತಾರೂ ಇರ್ಲಿ."

ನನಗೆ ಅಳು ಉಕ್ಕಿ ಬಂತು. ಅಳುವ ಬದಲು ಸಿಟ್ಟು ಮಾಡಿಕೊಂಡೆ. ನಿನ್ನೆಯೇ ನನ್ನ ಕೆನ್ನೆಗೆ ಎರಡು ಬಿಗಿದಿದ್ದರೆ ಆಗುತ್ತಿರಲಿಲ್ಲವಾ ಎಂದು ಕೂಗಿದೆ. "ನೀನೆಂತ ಸಣ್ಣ ಮಗುವಾ?" ಎಂದು ಅಪ್ಪ ಇನ್ನೊಂದು ಬುಟ್ಟಿ ತೆಗೆದುಕೊಂಡ.

ಫೋನ್ ಹೊಡೆದುಕೊಂಡಿತು. ರವಿರಾಜ್. ಬಂದರಿನಲ್ಲಿ ಅವರ ಜನ ಇಲ್ಲದೆ ಇರುತ್ತಾರಾ, ಸುದ್ದಿ ಮುಟ್ಟಿತ್ತು.

"ಎಂತ ಮೇಡಂ, ಬಂಗುಡೆ ರಾಶಿ ಬಂತಂತಲ್ಲ? ಯಂತ್ರ ತಪ್ಪು ಹೇಳಿತಾ ಹಾಗಾದರೆ?"

"ತಪ್ಪು ಹೇಳಿತು ಸರ್."

"ಅದಕ್ಕೇನು, ಇವತ್ತಿನ ದನಿಯನ್ನೂ ಸೇರಿಸಿ ಇನ್ನೊಮ್ಮೆ ಕಲಿಸಿದರಾಯ್ತು. ನಿಜ ಹೇಳುವಾಗ ಹೇಗೆ ಹೇಳ್ತಾರೆ ಅಂತಲೂ ಅದಕ್ಕೆ ಗೊತ್ತಾಗ್ತದೆ. ಇನ್ನೂ ಒಳ್ಳೇದೇ ಆಯ್ತಲ್ಲ."

ಅವರು ಹೇಳಿದ್ದು ಸರಿಯೇ. ನಾನು ಮನಸ್ಸು ಮಾಡಿದರೆ ದೊಡ್ಡ ಕೆಲಸವೇನಲ್ಲ. ಅಪ್ಪನ ಆ ಎರಡು ಮಾತನ್ನು ಯಂತ್ರದ ಬಾಯಿಗೆ ಹಾಕಿದರೆ ಅದು ಮುಂದೆ ಅಪ್ಪನ ನಿಜವನ್ನೂ ಹಿಡಿಯುತ್ತದೆ. ಆಮೇಲೆ ಈ ಮನುಷ್ಯನ ಹತ್ತಿರ ಮುಚ್ಚಿಡಲು ಏನು ಉಳಿಯುತ್ತದೆ? ಎದುರಿಗೆ ಅಪ್ಪ ಬಗ್ಗಿ ಮೀನು ಬಗೆಯುತ್ತಿದ್ದ. ಬಿಸಿಲಿಗೆ ಮೇಲಿನ ಮೀನಿನ ಕಣ್ಣು ಆಗಲೇ ಕೆಂಪಾಗತೊಡಗಿತ್ತು.

"ಕೊಡುವುದಿಲ್ಲ ಸರ್" ಎಂದೆ.

"ಏನು?"

"ದನಿ ನನ್ನದಲ್ಲ. ಅಪಾಯಕ್ಕೆ ಅಂತ ತಂಡೇಲರು ಕೊಟ್ಟದ್ದು. ಅಪಾಯ ತಿಳಿಸುವ ಭಾಗ ಬೇಕಾದರೆ ಮಾಡಿಕೊಡ್ತೇನೆ. ಮೀನಿನದ್ದು ಕೊಡುವುದಿಲ್ಲ. ಅದನ್ನು ಅಳಿಸ್ತೇನೆ."

ಫೆಲೋಶಿಪ್ಪಿನ ವಿಷಯ ನೆನಪಿದೆಯಾ ಎಂದು ಅವರು ಮೆಲ್ಲಗೆ ಕೇಳಿದರು. ನೆನಪಿದೆ ಎಂದೆ. ಫೋನ್ ಇಟ್ಟರು. ಸರ್‌ಗೆ ಫೋನ್ ಮಾಡಿ ಹೇಳಿದೆ. ಎಷ್ಟನ್ನು ಅಳಿಸಬೇಕಾಗುತ್ತದೆ ಎಂದು ಸರ್ ಕೇಳಿ ತಿಳಿದುಕೊಂಡರು. ಆಮೇಲೆ, "ಪಿಎಚ್‌ಡಿ ತಡ ಆತ್ತ್ ಕಾಣ್. ಆಯ್ಲಿ, ಕಡ್ಲ್ ಎಲ್ಲಿಗೂ ಹೋತಿಲ್ಲೆ" ಎಂದರು.

ಬಂಗುಡೆಯಲ್ಲಿ ಅರ್ಧಕ್ಕರ್ಧ ಮೆತ್ತಗಾಗಿ ಗೊಬ್ಬರಕ್ಕೆ ಹೋಯಿತು.

ಮಾರನೆಯ ಬೆಳಿಗ್ಗೆ ಅಪ್ಪ ಹೊರಡುವ ಮೊದಲೇ ನಾನು ಬೋಟು ಹತ್ತಿ ಕ್ಯಾಬಿನ್ನಿಗೆ ಹೋದೆ. ವೈರ್‌ಲೆಸ್ಸಿನ ಮೈಕ್ ಕೈಗೆ ತೆಗೆದುಕೊಂಡೆ. ಅಪ್ಪ ಬೇಡ ಎನ್ನಲಿಲ್ಲ, ಬಾಗಿಲಲ್ಲಿ ನಿಂತ. ಇಷ್ಟು ದಿನ ಎಲ್ಲರ ಮಾತು ಕೇಳಿದವಳು ಗುಂಡಿ ಒತ್ತಿದೆ.

"ಹ್ವಾಯ್, ನಾನ್ ಲೀಲಾಧರನ ಮಗಳ್, ಮೋಕ್ಷಿತಾ. ಎಲ್ಲರೂ ಕೇಣಿ. ನನ್ ಮಿಷನ್ ನಿಮ್ ಸುಳ್ಳೆಲ್ಲ ಹಿಡಿತಿತ್ತ್. ಕಂಪನಿಯರ್ ಅದನ್ನ್ ಕೇಂಡ್ರ್. ನಾನ್ ಕೊಡುದಿಲ್ಲೆ ಅಂದೆ. ಮೀನಿನ್ ಲೆಕ್ಕ ಪೂರಾ ಅಳ್ಸಿದೆ. ಇನ್ನ್ ಅಪಾಯದ್ ಮಾತ್ ಬಿಟ್ರೆ ಬೇರೆಂತದೂ ಅದ್ ಕೇಣುದಿಲ್ಲೆ. ನಮ್ಮಪ್ಪಯ್ಯ ಕೊಟ್ಟ್ ಮಾತ್ ತಪ್ಲಿಲ್ಲೆ."

ಬರೀ ಚರಚರ ಸದ್ದು. ಆಮೇಲೆ ಕಿಟ್ಟಣ್ಣನ ದನಿ.

"ಅದೂ ಸುಳ್ಳೇ ಆಯ್ಕ್!"

ಇಡೀ ಚಾನೆಲ್ ಗೊಳ್ಳೆಂದು ನಕ್ಕಿತು. ನನಗೆ ಮೈಯೆಲ್ಲ ಉರಿಯಿತು. "ದೇವ್ರಾಣೆ ನಿಜ!" ಎಂದು ಕಿರುಚಿದೆ. ನಗು ಇನ್ನೂ ಜಾಸ್ತಿಯಾಯಿತು. ನಿನ್ನೆ ಅಪ್ಪ ನಿಂತಿದ್ದ ಜಾಗದಲ್ಲೇ ನಾನು ನಿಂತಿದ್ದೆ, ಅದೇ ಮೈಕ್ ಹಿಡಿದು. ಕಣ್ಣಲ್ಲಿ ನೀರು ತುಂಬಿತು. ಮೈಕ್ ಇಡಲು ಹೋದೆ.

"ಲೀಲಾಧರಣ್ಣಾ" ಎಂದ ಕಿಟ್ಟಣ್ಣ. ಈ ಸಲ ನಗುತ್ತಿರಲಿಲ್ಲ. "ನಿನ್ ಹೆಣ್ಣಿಗೆ ಸುಳ್ಳ್ ಹೇಳುಕೆ ಬತ್ತಿಲ್ಲೆ ಮಾರಾಯಾ. ದನಿ ನಡ್ಗ್ತ್. ಒಂಚೂರ್ ಕಲ್ಸ್."

ಅಪ್ಪ ನನ್ನ ಕೈಯಿಂದ ಮೈಕ್ ತೆಗೆದುಕೊಂಡ. "ನಿನ್ನೆ ನಂಗೂ ಬರ್ಲಿಲ್ಲೆ ಅಲ್ದಾ?" ಎಂದ.

ಬೋಟುಗಳು ಹೊರಟವು. ಲ್ಯಾಬಿಗೆ ಹೋಗಿ ಹೇಳಿದ ಹಾಗೇ ಮೀನಿನ ಭಾಗವನ್ನೆಲ್ಲ ಅಳಿಸಿದೆ. ಬೆಳಿಗ್ಗೆಯೇ 'ಅಳ್ಸಿದೆ' ಎಂದದ್ದು ಸ್ವಲ್ಪ ಸುಳ್ಳಾಗಿತ್ತು, ಈಗ ನಿಜವಾಯಿತು. ರೆಕಾರ್ಡಿಂಗಿನ ಕೆಂಪು ದೀಪ ಆರಿಸಿ, ಸೆಟ್ ಮಾತ್ರ ಹಾಕಿಟ್ಟು ಕೂತೆ. ಮಧ್ಯಾಹ್ನದ ಹೊತ್ತಿಗೆ ಎಲ್ಲರೂ ಅಪ್ಪನ ಕಲ್ಲಿನ ಸುತ್ತಲೇ ಇದ್ದರು ಎಂದು ಮಾತಿನಲ್ಲಿ ಗೊತ್ತಾಗುತ್ತಿತ್ತು. ನನ್ನೆದುರೇ, ನಾನು ಕೇಳುತ್ತೇನೆ ಎಂದು ಗೊತ್ತಿದ್ದೂ, ಒಬ್ಬರಿಗಿಂತ ಒಬ್ಬರು ಜೋರಾಗಿ ಸುಳ್ಳು ಹೇಳುತ್ತಿದ್ದರು. ಕೇಳಿ ನನಗೆ ಎಷ್ಟು ಸಮಾಧಾನವಾಯಿತು ಎಂದರೆ, ಬೆಳಗ್ಗಿನಿಂದ ಮೊದಲ ಸಲ ಚಹಾ ಬಿಸಿ ಇರುವಾಗಲೇ ಕುಡಿದೆ.

"ಎಂತದೂ ಇಲ್ಲೆ ಮಾರಾಯಾ" ಎಂದ ಅಪ್ಪ. "ಡೀಸೆಲ್ ದಂಡ."

ಕೂಡಲೇ ಅಮ್ಮನ ಫೋನ್ ಬಂತು. ಅವಳೂ ಮನೆಯಲ್ಲಿ ಸೆಟ್ ಕೇಳುತ್ತಿದ್ದಳು. "ಐಸ್ ಹೇಳ್ಕಾ, ಬ್ಯಾಡ್ದಾ? ನಿನ್ನೆ ಆದ್ ಮೇಲೆ ನಂಗೊಂದೂ ಗೊತ್ತಾತಿಲ್ಲೆ. ಅಷ್ಟೆಲ್ಲ ಬೋಟ್ ಹೋದಲ್ಲಿ ಮೀನ್ ಉಳುದಾರೂ ಉಂಟಾ? ನಿನ್ ಮಿಷನ್ ಎಂತ ಹೇಳ್ತ್?"

"ಮಿಷನ್ ಇಲ್ಲೆ ಅಮ್ಮಾ. ಅಳ್ಸಿದೆ."

"ಹಾಂಗಾರೆ ನೀನೇ ಹೇಳ್."

ಸ್ಪೀಕರಿಗೆ ಕಿವಿ ಕೊಟ್ಟೆ. ಅಪ್ಪ ಇನ್ನೂ ಅಳುತ್ತಿದ್ದ. ಎಂಜಿನ್ ಬಿಸಿಯಾಗುತ್ತಿದೆಯಂತೆ, ಬೆನ್ನು ನೋಯುತ್ತಿದೆಯಂತೆ. ಸುಳ್ಳೋ ನಿಜವೋ ನನಗೆ ಗೊತ್ತಾಗಲಿಲ್ಲ. ಖಾತ್ರಿಯ ಗೆರೆ ತೋರಿಸುವ ಪರದೆ ಕಪ್ಪಾಗಿತ್ತು.

"ಐಸ್ ಹೇಳಮ್ಮಾ" ಎಂದೆ. "ಕರಗಿರೆ ಕರಗ್ಲಿ, ಹೇಳ್."